ನೀರಿನ ಗಡಸುತನಕ್ಕೆ ತಕ್ಕಂತೆ ಡಿಟರ್ಜೆಂಟ್ ಅಳೆಯುವ ಬಗೆ: ಒಂದು ಸಮಗ್ರ ಮಾರ್ಗದರ್ಶಿ

ಬಟ್ಟೆ ಒಗೆಯಲು ಎಷ್ಟು ಡಿಟರ್ಜೆಂಟ್ ಬೇಕು ಎಂದು ಕೇಳಿದರೆ ಹೆಚ್ಚಿನವರು ಬಟ್ಟೆಯ ರಾಶಿಯನ್ನೂ ಅದರ ಕೊಳೆಯನ್ನೂ ನೋಡಿ ಉತ್ತರ ಹೇಳುತ್ತಾರೆ. ಆ ಉತ್ತರದಲ್ಲಿ ನೀರಿನ ಲೆಕ್ಕ ಸೇರಿರುವುದಿಲ್ಲ. ಆದರೆ ತೊಟ್ಟಿಗೆ ಬಿದ್ದ ಡಿಟರ್ಜೆಂಟ್‌ಗೆ ಕೊಳೆಗಿಂತ ಮೊದಲು ಎದುರಾಗುವುದು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಅವು ತಮ್ಮ ಪಾಲನ್ನು ಕಿತ್ತುಕೊಂಡ ಮೇಲೆ ಉಳಿದದ್ದಷ್ಟೇ ಬಟ್ಟೆಯ ಕೆಲಸಕ್ಕೆ ಒದಗುತ್ತದೆ. ಹೀಗಾಗಿ ನಾವು ಹಾಕುವ ಪ್ರತಿ ಅಳತೆಯಲ್ಲೂ ಎರಡು ಭಾಗಗಳಿರುತ್ತವೆ: ಒಂದು ಕೊಳೆಗೆ ಹೋಗುವ ಭಾಗ, ಇನ್ನೊಂದು ನೀರಿಗೆ ಹೋಗುವ ಭಾಗ. ಈ ಎರಡನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕುವುದನ್ನು ಕಲಿತರೆ ಅಂದಾಜಿನ ಮೇಲೆ ಪುಡಿ ಸುರಿಯುವ ಅಗತ್ಯವೇ ಬೀಳುವುದಿಲ್ಲ. ಆ ಲೆಕ್ಕವನ್ನು ಹಂತ ಹಂತವಾಗಿ ತಿಳಿಸುವುದು ಈ ಬರಹದ ಉದ್ದೇಶ.

ಗಡಸು ನೀರಿನಲ್ಲಿ ನಡೆಯುವುದೇನು

ಮಳೆನೀರು ನೆಲಕ್ಕಿಳಿದು ಸುಣ್ಣಕಲ್ಲು, ಡಾಲಮೈಟ್, ಜಿಪ್ಸಂನಂಥ ಶಿಲಾಪದರಗಳ ಮೂಲಕ ಹಾದುಹೋಗುವಾಗ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಳ್ಳುತ್ತದೆ. ಆದ್ದರಿಂದಲೇ ಆಳದ ಕೊಳವೆಬಾವಿಯ ನೀರು ಸಾಮಾನ್ಯವಾಗಿ ಮಳೆನೀರಿಗಿಂತ ಬಹಳ ಗಡಸಾಗಿರುತ್ತದೆ. ಈ ನೀರಿಗೆ ಸಾಬೂನು ಹಾಕಿದರೆ ಕ್ಯಾಲ್ಸಿಯಂ ಸಾಬೂನಿನ ಕೊಬ್ಬಿನಾಮ್ಲದೊಡನೆ ಕೂಡಿಕೊಂಡು ನೀರಿನಲ್ಲಿ ಕರಗದ, ಮೊಸರಿನಂತೆ ಒಡೆದ ಬಿಳಿಯ ಜಿಡ್ಡಾಗುತ್ತದೆ. ಕೊಳೆ ತೆಗೆಯಬೇಕಾಗಿದ್ದ ಸಾಬೂನು ತಾನೇ ಕೊಳೆಯಾಗಿ ಬಟ್ಟೆಗೆ ಅಂಟಿಕೊಳ್ಳುತ್ತದೆ. ಅಷ್ಟೂ ಕ್ಯಾಲ್ಸಿಯಂ ಹೀಗೆ ಮುಗಿಯುವವರೆಗೆ ನೊರೆ ನಿಲ್ಲುವುದಿಲ್ಲ.

ಇಂದಿನ ಡಿಟರ್ಜೆಂಟ್‌ಗಳಲ್ಲಿ ಸಾಬೂನಿನ ಬದಲು ಸಂಶ್ಲೇಷಿತ ಮಾರ್ಜಕಗಳಿರುತ್ತವೆ. ಅವು ಗಡಸುತನವನ್ನು ಸಾಬೂನಿಗಿಂತ ಚೆನ್ನಾಗಿ ತಾಳಿಕೊಳ್ಳುತ್ತವೆಯಾದರೂ ಅದರಿಂದ ಪೂರ್ತಿ ಪಾರಾಗಿಲ್ಲ. ಹೆಚ್ಚಿನ ಪುಡಿಗಳಲ್ಲಿ ಬಳಕೆಯಾಗುವ ಲೀನಿಯರ್ ಆಲ್ಕೈಲ್‌ಬೆಂಜೀನ್ ಸಲ್ಫೊನೇಟ್ ಕೂಡ ಕ್ಯಾಲ್ಸಿಯಂ ಹೆಚ್ಚಾದಾಗ ಒತ್ತರಿಸಿ, ಅಂದರೆ ಕರಗದ ಕಣಗಳಾಗಿ ಬೇರ್ಪಟ್ಟು, ನಿಷ್ಕ್ರಿಯವಾಗುತ್ತದೆ. ಅದಲ್ಲದೆ, ನೀರಿನ ಕ್ಯಾಲ್ಸಿಯಂ ಕೊಳೆಯ ಕಣಕ್ಕೂ ನೂಲಿಗೂ ನಡುವೆ ಕೊಂಡಿಯಂತೆ ನಿಂತು, ಬಿಟ್ಟ ಕೊಳೆ ಮತ್ತೆ ಬಟ್ಟೆಗೇ ಅಂಟಲು ಸಹಾಯ ಮಾಡುತ್ತದೆ. ಇದಕ್ಕಾಗಿಯೇ ಪುಡಿಯಲ್ಲಿ ಮಾರ್ಜಕದ ಜೊತೆಗೆ ನೀರನ್ನು ಮೆದುಗೊಳಿಸುವ ಘಟಕವೊಂದನ್ನು ಸೇರಿಸಿರುತ್ತಾರೆ. ತಯಾರಕರು ಅದನ್ನು ಬಿಲ್ಡರ್ ಎನ್ನುತ್ತಾರೆ. 1946ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ ಟೈಡ್ ಪುಡಿ ಗಡಸು ನೀರಿನಲ್ಲೂ ದಪ್ಪ ಕೊಳೆ ತೆಗೆಯಬಲ್ಲದೆಂದು ಹೆಸರು ಮಾಡಿದ್ದಕ್ಕೆ ಕಾರಣ ಅದರಲ್ಲಿದ್ದ ಫಾಸ್ಫೇಟ್ ಬಿಲ್ಡರ್. ಚರಂಡಿಯ ಮೂಲಕ ಕೆರೆ, ನದಿಗಳನ್ನು ಸೇರಿದ ಫಾಸ್ಫೇಟ್ ಪಾಚಿಗೆ ಗೊಬ್ಬರವಾಗಿ ಜಲಚರಗಳ ಉಸಿರು ಕಟ್ಟಿಸುತ್ತದೆಂದು ಗೊತ್ತಾದ ಮೇಲೆ ಹಲವು ದೇಶಗಳು ಅದನ್ನು ಮಿತಿಗೊಳಿಸಿದವು. ಈಗ ಅದರ ಜಾಗದಲ್ಲಿ ಜಿಯೋಲೈಟ್, ಸೋಡಿಯಂ ಕಾರ್ಬೊನೇಟ್, ಸಿಟ್ರೇಟ್, ಪಾಲಿಕಾರ್ಬಾಕ್ಸಿಲೇಟ್‌ಗಳ ಮಿಶ್ರಣಗಳಿವೆ.

ಗಡಸು ನೀರಿಗೆ ಹೆಚ್ಚು ಪುಡಿ ಹಾಕಿ ಎಂದು ಪೊಟ್ಟಣ ಹೇಳುವುದು ಮುಖ್ಯವಾಗಿ ಈ ಬಿಲ್ಡರ್‌ಗಾಗಿ. ಬಿಲ್ಡರ್ ಬೇಕೆಂದು ಪುಡಿ ಹೆಚ್ಚಿಸಿದಾಗ ಅದರೊಂದಿಗೆ ಬೇಡದಿದ್ದರೂ ಮಾರ್ಜಕ, ಸುಗಂಧ, ಬಣ್ಣ ಎಲ್ಲವೂ ಹೆಚ್ಚಾಗುತ್ತವೆ. ಈ ಅಂಶವನ್ನು ಮುಂದೆ ಅತಿ ಗಡಸು ನೀರಿನ ಭಾಗದಲ್ಲಿ ಬಳಸಿಕೊಳ್ಳಲಿದ್ದೇವೆ.

ಮೊದಲ ಹಂತ: ಗಡಸುತನವನ್ನು ಅಳೆಯಿರಿ

ನೀರು ಪೂರೈಸುವ ಸಂಸ್ಥೆ ಗುಣಮಟ್ಟದ ವರದಿ ಪ್ರಕಟಿಸುತ್ತಿದ್ದರೆ ಅದರಲ್ಲಿ 'ಒಟ್ಟು ಗಡಸುತನ' ಎಂಬ ಸಾಲನ್ನು ಹುಡುಕಿ. ಸ್ವಂತ ಬಾವಿಯ ನೀರಾದರೆ ಅಥವಾ ಎರಡು ಮೂಲಗಳ ನೀರು ಒಂದೇ ಟ್ಯಾಂಕಿನಲ್ಲಿ ಬೆರೆಯುತ್ತಿದ್ದರೆ ನೀವೇ ಪರೀಕ್ಷೆ ಮಾಡಿಕೊಳ್ಳಬೇಕು. ನೀರನ್ನು ಟ್ಯಾಂಕಿನಿಂದಲ್ಲದೆ ಯಂತ್ರಕ್ಕೆ ಸಂಪರ್ಕವಿರುವ ನಲ್ಲಿಯಿಂದಲೇ ಹಿಡಿಯಿರಿ. ಲೆಕ್ಕಕ್ಕೆ ಬೇಕಾದದ್ದು ಬಟ್ಟೆಯನ್ನು ಮುಟ್ಟುವ ನೀರು.

ಬಣ್ಣ ಬದಲಾಗುವ ಪರೀಕ್ಷಾ ಪಟ್ಟಿಗಳು ಸುಲಭ. ಪಟ್ಟಿಯನ್ನು ಹೇಳಿದಷ್ಟು ಕ್ಷಣ ನೀರಿನಲ್ಲಿ ಅದ್ದಿ ತೆಗೆದು, ಬಣ್ಣವನ್ನು ಡಬ್ಬಿಯ ಮೇಲಿನ ನಮೂನೆಗೆ ಹೋಲಿಸಬೇಕು. ಅವು ಗಡಸುತನದ ಶ್ರೇಣಿಯನ್ನಷ್ಟೇ ತಿಳಿಸುತ್ತವೆ. ಡಿಟರ್ಜೆಂಟ್ ಲೆಕ್ಕಕ್ಕೆ ಅಷ್ಟು ಸಾಕು. ಇನ್ನೂ ನಿಖರವಾಗಿ ಬೇಕೆಂದರೆ ಹನಿ ಎಣಿಸುವ ಕಿಟ್ ಕೊಳ್ಳಬಹುದು. ಅದರಲ್ಲಿ ಅಳೆದ ನೀರಿಗೆ ಸೂಚಕ ಬೆರೆಸಿದಾಗ ನೀರು ಕೆಂಪಾಗುತ್ತದೆ, ಬಳಿಕ ಇಡಿಟಿಎ ಎಂಬ, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅನ್ನು ಹಿಡಿದುಕೊಳ್ಳುವ ರಾಸಾಯನಿಕದ ದ್ರಾವಣವನ್ನು ಹನಿಹನಿಯಾಗಿ ಸೇರಿಸುತ್ತ ಹೋದರೆ ಒಂದು ಹಂತದಲ್ಲಿ ನೀಲಿಗೆ ತಿರುಗುತ್ತದೆ. ಎಷ್ಟನೆಯ ಹನಿಗೆ ತಿರುಗಿತು ಎಂಬುದರಿಂದ ಗಡಸುತನ ತಿಳಿಯುತ್ತದೆ. ನನ್ನ ಸಲಹೆ ಕೇಳಿದರೆ ಹನಿ ಕಿಟ್ಟನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ, ಏಕೆಂದರೆ ಪಟ್ಟಿಯ ಎರಡು ಹತ್ತಿರದ ಬಣ್ಣಗಳ ನಡುವೆ ತೀರ್ಮಾನಿಸುವುದು ಮಂದ ಬೆಳಕಿನಲ್ಲಿ ಕಷ್ಟವಾಗುತ್ತದೆ.

ಎರಡೂ ಇಲ್ಲದವರು ಸಾಬೂನಿನ ಪರೀಕ್ಷೆ ಮಾಡಬಹುದು. ಇದು ಹಳೆಯ ವಿಧಾನ. ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಥಾಮಸ್ ಕ್ಲಾರ್ಕ್ 1840ರ ದಶಕದಲ್ಲಿ ಗಡಸುತನವನ್ನು ಅಳೆದದ್ದು ನೊರೆ ನಿಲ್ಲಲು ಎಷ್ಟು ಸಾಬೂನು ದ್ರಾವಣ ಬೇಕಾಗುತ್ತದೆ ಎಂಬುದರ ಮೇಲೆಯೇ. ಒಂದೇ ಅಳತೆಯ ಎರಡು ಪಾರದರ್ಶಕ ಬಾಟಲಿಗಳನ್ನು ತೆಗೆದುಕೊಂಡು ಒಂದಕ್ಕೆ ಬಟ್ಟಿಯಿಳಿಸಿದ ನೀರನ್ನೂ ಇನ್ನೊಂದಕ್ಕೆ ನಲ್ಲಿಯ ನೀರನ್ನೂ ಸಮನಾಗಿ ಅರ್ಧದಷ್ಟು ತುಂಬಿ, ಎರಡಕ್ಕೂ ಹತ್ತು ಹತ್ತು ಹನಿ ಸಾಬೂನು ದ್ರಾವಣ ಬಿಟ್ಟು ಚೆನ್ನಾಗಿ ಅಲುಗಾಡಿಸಿ. ಬಟ್ಟಿಯಿಳಿಸಿದ ನೀರಿನ ಮೇಲೆ ದಟ್ಟ ನೊರೆ ನಿಂತು ಕೆಳಗಿನ ನೀರು ಬಹುಮಟ್ಟಿಗೆ ತಿಳಿಯಾಗಿರುತ್ತದೆ. ನಲ್ಲಿಯ ನೀರಿನಲ್ಲಿ ನೊರೆ ಬೇಗ ಇಳಿದು ನೀರು ಹಾಲಿನಂತೆ ಮಬ್ಬಾದರೆ ಅದು ಗಡಸು. ಎರಡೂ ಒಂದೇ ಮಟ್ಟಿಗೆ ನೊರೆಯುವವರೆಗೆ ನಲ್ಲಿ ನೀರಿನ ಬಾಟಲಿಗೆ ಇನ್ನೆಷ್ಟು ಹನಿ ಬೇಕಾಯಿತು ಎಂಬುದು ಗಡಸುತನದ ಹೋಲಿಕೆಯ ಅಳತೆಯಾಗುತ್ತದೆ. ಇಲ್ಲಿ ಬಳಸುವುದು ನಿಜವಾದ ಸಾಬೂನೇ ಆಗಿರಬೇಕು. ಪಾತ್ರೆ ತೊಳೆಯುವ ದ್ರವ, ಶಾಂಪೂ, ಬಟ್ಟೆಯ ದ್ರವ ಇವೆಲ್ಲ ಸಂಶ್ಲೇಷಿತ ಮಾರ್ಜಕಗಳಾದ್ದರಿಂದ ಗಡಸು ನೀರಿನಲ್ಲೂ ನೊರೆ ಕೊಟ್ಟು ದಾರಿ ತಪ್ಪಿಸುತ್ತವೆ.

ಟಿಡಿಎಸ್ ಮೀಟರನ್ನು ಈ ಕೆಲಸಕ್ಕೆ ನಂಬಬೇಡಿ. ಅದು ನೀರಿನ ವಿದ್ಯುತ್ ವಾಹಕತೆಯನ್ನು ನೋಡಿ ಕರಗಿದ ಒಟ್ಟು ಲವಣಗಳನ್ನು ಅಂದಾಜು ಮಾಡುತ್ತದೆ. ಅವುಗಳಲ್ಲಿ ಕ್ಯಾಲ್ಸಿಯಂ ಎಷ್ಟು, ಸೋಡಿಯಂ ಎಷ್ಟು ಎಂದು ಅದಕ್ಕೆ ತಿಳಿಯದು. ನಾಲಿಗೆಗೆ ಉಪ್ಪೆನಿಸುವ ನೀರಿನಲ್ಲಿ ಗಡಸುತನ ಕಡಿಮೆ ಇರಬಹುದು. ಉಪ್ಪಿನಿಂದ ಪುನಶ್ಚೇತನಗೊಳ್ಳುವ ಸಾಫ್ಟ್‌ನರ್ ಯಂತ್ರ ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಕೊಡುವುದರಿಂದ, ಅದರ ಮೂಲಕ ಬಂದ ನೀರು ಪೂರ್ತಿ ಮೆದುವಾಗಿದ್ದರೂ ಟಿಡಿಎಸ್ ಅಂಕಿ ಹೆಚ್ಚುಕಡಿಮೆ ಮೊದಲಿನಂತೆಯೇ ಇರುತ್ತದೆ.

ಎರಡನೆಯ ಹಂತ: ಅಂಕಿಯನ್ನು ಒಂದೇ ಮಾನಕ್ಕೆ ತನ್ನಿ

ಗಡಸುತನವನ್ನು ಕ್ಯಾಲ್ಸಿಯಂ ಕಾರ್ಬೊನೇಟ್‌ಗೆ ಸಮನಾಗಿ, ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಹೇಳುವುದು ರೂಢಿ. ಪಿಪಿಎಂ ಎಂದು ಬರೆದಿದ್ದರೂ ಅಂಕಿ ಅದೇ. ಕಿಟ್ಟುಗಳಲ್ಲೂ ಯಂತ್ರದ ಕೈಪಿಡಿಗಳಲ್ಲೂ ಬೇರೆ ಮಾನಗಳು ಸಿಗುತ್ತವೆ. ಒಂದು ಜರ್ಮನ್ ಡಿಗ್ರಿ ಎಂದರೆ 17.8 ಮಿಲಿಗ್ರಾಂ, ಒಂದು ಫ್ರೆಂಚ್ ಡಿಗ್ರಿ ಎಂದರೆ 10 ಮಿಲಿಗ್ರಾಂ, ಕ್ಲಾರ್ಕ್ ಡಿಗ್ರಿ ಎಂದರೆ 14.3 ಮಿಲಿಗ್ರಾಂ, ಅಮೆರಿಕದ ಗ್ಯಾಲನ್ನಿಗೆ ಒಂದು ಗ್ರೇನ್ ಎಂದರೆ 17.1 ಮಿಲಿಗ್ರಾಂ, ಲೀಟರಿಗೆ ಒಂದು ಮಿಲಿಮೋಲ್ ಎಂದರೆ 100 ಮಿಲಿಗ್ರಾಂ. ನಿಮ್ಮ ಅಂಕಿಯನ್ನು ಇವುಗಳಲ್ಲಿ ತಕ್ಕದ್ದರಿಂದ ಗುಣಿಸಿದರೆ ಎಲ್ಲವೂ ಒಂದೇ ಮಾನಕ್ಕೆ ಬರುತ್ತವೆ.

ಯಾವುದು ಮೆದು, ಯಾವುದು ಗಡಸು ಎಂಬುದಕ್ಕೂ ಒಂದೇ ಗೆರೆಯಿಲ್ಲ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ವಿಂಗಡಣೆಯಲ್ಲಿ 60ರವರೆಗೆ ಮೆದು, 61ರಿಂದ 120 ಸಾಧಾರಣ ಗಡಸು, 121ರಿಂದ 180 ಗಡಸು, ಅದಕ್ಕೂ ಮೇಲಿನದು ಅತಿ ಗಡಸು. ಜರ್ಮನಿಯ ಡಿಟರ್ಜೆಂಟ್ ಕಾನೂನಿನಲ್ಲಿ 150ಕ್ಕಿಂತ ಕಡಿಮೆಯದು ಮೆದು, 150ರಿಂದ 250 ಮಧ್ಯಮ, ಅದರ ಮೇಲಿನದು ಗಡಸು. ಅಂದರೆ 170ರ ನೀರು ಒಂದು ಪಟ್ಟಿಯಲ್ಲಿ ಗಡಸಾಗಿದ್ದು ಇನ್ನೊಂದರಲ್ಲಿ ಮಧ್ಯಮವಾಗಿರುತ್ತದೆ. ಆದ್ದರಿಂದ 'ನಮ್ಮದು ಗಡಸು ನೀರು' ಎಂಬ ಮಾತಿಗಿಂತ ಅಂಕಿಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಪೊಟ್ಟಣದ ಮೇಲೆ ಅಂಕಿಗಳ ಮಿತಿ ಮುದ್ರಿಸಿದ್ದರೆ ಆ ಮಿತಿಯನ್ನೇ ಅನುಸರಿಸಿ.

ಮೂರನೆಯ ಹಂತ: ನೀರು ಎಷ್ಟು ಲೀಟರ್ ಎಂದು ತಿಳಿಯಿರಿ

ಗಡಸುತನದ ಅಂಕಿಯನ್ನು ಮಾತ್ರ ನೋಡಿ ಲೀಟರಿನ ಲೆಕ್ಕವನ್ನು ಮರೆಯುವುದೇ ಈ ವಿಷಯದಲ್ಲಿ ನಡೆಯುವ ದೊಡ್ಡ ತಪ್ಪೆಂದು ನಾನು ಭಾವಿಸುತ್ತೇನೆ. ಡಿಟರ್ಜೆಂಟ್ ಎದುರಿಸಬೇಕಾದ ಕ್ಯಾಲ್ಸಿಯಂನ ಒಟ್ಟು ತೂಕವೆಂದರೆ ಗಡಸುತನವನ್ನು ಒಗೆಯುವ ನೀರಿನ ಪ್ರಮಾಣದಿಂದ ಗುಣಿಸಿದ್ದು.

ಫ್ರಂಟ್ ಲೋಡ್ ಯಂತ್ರ ಮುಖ್ಯ ಒಗೆತಕ್ಕೆ ಸುಮಾರು 15 ಲೀಟರ್ ನೀರು ತೆಗೆದುಕೊಳ್ಳುತ್ತದೆ ಎಂದುಕೊಳ್ಳೋಣ. ನೀರಿನ ಗಡಸುತನ 300 ಇದ್ದರೆ ಅದರಲ್ಲಿ 4.5 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್‌ಗೆ ಸಮನಾದ ಗಡಸುತನವಿರುತ್ತದೆ. ಅದೇ ನಲ್ಲಿಯ ನೀರನ್ನು ಟಾಪ್ ಲೋಡ್ ಯಂತ್ರ 50 ಲೀಟರ್ ತುಂಬಿಕೊಂಡರೆ ಅದು 15 ಗ್ರಾಂ ಆಗುತ್ತದೆ. ನೀರೂ ಅದೇ, ಬಟ್ಟೆಯೂ ಅದೇ, ಆದರೆ ಡಿಟರ್ಜೆಂಟ್ ಮೇಲೆ ಬೀಳುವ ಹೊರೆ ಮೂರು ಪಟ್ಟಿಗಿಂತ ಹೆಚ್ಚು. ಶುದ್ಧ ಸಾಬೂನಿನಿಂದಲೇ ಈ ಹೊರೆಯನ್ನು ತೀರಿಸಬೇಕೆಂದರೆ ಮೊದಲನೆಯದಕ್ಕೆ ಸುಮಾರು 28 ಗ್ರಾಂ, ಎರಡನೆಯದಕ್ಕೆ ಸುಮಾರು 92 ಗ್ರಾಂ ಸಾಬೂನು ಕೊಳೆಯನ್ನು ಮುಟ್ಟುವ ಮೊದಲೇ ಖರ್ಚಾಗಿಹೋಗುತ್ತದೆ. ಗಡಸು ನೀರಿನ ಊರಿನಲ್ಲಿ ಸಾಬೂನಿನ ಪುಡಿಯನ್ನು ಟಾಪ್ ಲೋಡ್ ಯಂತ್ರಕ್ಕೆ ಹಾಕುವುದು ಏಕೆ ಕೈಗೂಡುವುದಿಲ್ಲ ಎಂಬುದಕ್ಕೆ ಈ ಲೆಕ್ಕವೇ ಸಾಕು. ಅಷ್ಟಾದರೂ ಜಾಲಿಸುವಾಗ ಹೊಸ ಗಡಸು ನೀರು ಬರುತ್ತದೆ, ಬಟ್ಟೆಯಲ್ಲುಳಿದ ಸಾಬೂನು ಆಗ ಮತ್ತೆ ಜಿಡ್ಡಾಗಿ ನೂಲಿನಲ್ಲೇ ಕೂರುತ್ತದೆ.

ನಿಮ್ಮ ಯಂತ್ರ ಎಷ್ಟು ನೀರು ತೆಗೆದುಕೊಳ್ಳುತ್ತದೆ ಎಂಬುದನ್ನು ಕೈಪಿಡಿಯಲ್ಲಿ ನೋಡುವಾಗ ಎಚ್ಚರ ಬೇಕು. ಅಲ್ಲಿ ಸಾಮಾನ್ಯವಾಗಿ ಕೊಡುವುದು ಜಾಲಿಸುವ ನೀರೂ ಸೇರಿದ ಒಟ್ಟು ಪ್ರಮಾಣ. ಡಿಟರ್ಜೆಂಟ್ ಲೆಕ್ಕಕ್ಕೆ ಬೇಕಾದದ್ದು ಮುಖ್ಯ ಒಗೆತದ ನೀರು ಮಾತ್ರ. ಫ್ರಂಟ್ ಲೋಡ್‌ನಲ್ಲಿ ಅದು ಒಟ್ಟಿನ ಮೂರನೇ ಒಂದು ಭಾಗದ ಆಸುಪಾಸಿನಲ್ಲೋ ಅದಕ್ಕಿಂತ ಕಡಿಮೆಯೋ ಇರುತ್ತದೆ. ಟಾಪ್ ಲೋಡ್‌ನಲ್ಲಿ ನೀರಿನ ಮಟ್ಟ ನಿಂತ ಮೇಲೆ ಯಂತ್ರವನ್ನು ತಡೆದು, ಲೀಟರ್ ಗೊತ್ತಿರುವ ಬಕೆಟ್ಟಿಗೆ ಹೊರಹೋಗುವ ಕೊಳವೆಯನ್ನು ಹಿಡಿದು ಒಮ್ಮೆ ಅಳೆದುಕೊಳ್ಳಬಹುದು. ಈ ಅಳತೆಯನ್ನು ಬಟ್ಟೆಯಿಲ್ಲದೆ ಮಾಡುವುದು ಒಳ್ಳೆಯದು.

ನಾಲ್ಕನೆಯ ಹಂತ: ಪೊಟ್ಟಣದ ಪಟ್ಟಿಯನ್ನು ಎರಡು ಭಾಗವಾಗಿ ಓದಿರಿ

ಪೊಟ್ಟಣದ ಮೇಲಿನ ಪಟ್ಟಿ ಮೆದು, ಮಧ್ಯಮ, ಗಡಸು ಎಂಬ ಕಂಬಗಳನ್ನೂ ಕಡಿಮೆ ಕೊಳೆ, ಸಾಧಾರಣ ಕೊಳೆ, ಹೆಚ್ಚು ಕೊಳೆ ಎಂಬ ಸಾಲುಗಳನ್ನೂ ಒಳಗೊಂಡಿರುತ್ತದೆ. ಅದು ಯಾವ ತೂಕದ ಒಣಬಟ್ಟೆಗೆ ಎಂಬುದನ್ನೂ ಎಲ್ಲಾದರೂ ಸಣ್ಣ ಅಕ್ಷರದಲ್ಲಿ ನಮೂದಿಸಿರುತ್ತಾರೆ. ಅದನ್ನು ಹುಡುಕದೆ ಮುಂದೆ ಹೋಗಬೇಡಿ.

ಒಂದು ಪುಡಿಯ ಪೊಟ್ಟಣ 4.5 ಕಿಲೋ ಬಟ್ಟೆಗೆ, ಸಾಧಾರಣ ಕೊಳೆಗೆ, ಮೆದು ನೀರಿನಲ್ಲಿ 60 ಗ್ರಾಂ, ಮಧ್ಯಮದಲ್ಲಿ 80, ಗಡಸಿನಲ್ಲಿ 100 ಎಂದು ಹೇಳುತ್ತದೆ ಎಂದು ಭಾವಿಸಿ. ಮೆದು ನೀರಿನ 60 ಗ್ರಾಂ ಬಹುಪಾಲು ಕೊಳೆಯ ಭಾಗ. ಅದಕ್ಕೂ ಗಡಸು ನೀರಿನ 100ಕ್ಕೂ ಇರುವ 40 ಗ್ರಾಂ ವ್ಯತ್ಯಾಸ ನೀರಿನ ಭಾಗ. ಕೊಳೆಯ ಭಾಗ ಬಟ್ಟೆಯ ತೂಕದೊಂದಿಗೂ ಕೊಳೆಯೊಂದಿಗೂ ಏರಿಳಿಯುತ್ತದೆ. ನೀರಿನ ಭಾಗ ಲೀಟರಿನೊಂದಿಗೆ ಏರಿಳಿಯುತ್ತದೆ.

ಇದರಿಂದ ಅರ್ಧ ತುಂಬಿದ ಯಂತ್ರದ ಸಮಸ್ಯೆಗೆ ಉತ್ತರ ಸಿಗುತ್ತದೆ. ಬಟ್ಟೆ ಅರ್ಧವಾದಾಗ ಪುಡಿಯನ್ನೂ ಅರ್ಧ ಮಾಡುವುದು ಮೆದು ನೀರಿನಲ್ಲಿ ಹೊಂದುತ್ತದೆ, ಗಡಸು ನೀರಿನಲ್ಲಿ ಹೊಂದುವುದಿಲ್ಲ. ಮೇಲಿನ ಉದಾಹರಣೆಯಲ್ಲಿ ಬಟ್ಟೆ ಅರ್ಧವಾಗಿ, ಯಂತ್ರ ನೀರನ್ನು ಕಾಲುಭಾಗದಷ್ಟು ಮಾತ್ರ ಕಡಿಮೆ ಮಾಡಿದರೆ ಕೊಳೆಯ ಭಾಗ 30 ಗ್ರಾಂ, ನೀರಿನ ಭಾಗವೂ 30 ಗ್ರಾಂ, ಒಟ್ಟು 60. ನೀರಿನ ಮಟ್ಟ ಬದಲಾಗದ ಯಂತ್ರವಾದರೆ ನೀರಿನ ಭಾಗ 40 ಹಾಗೆಯೇ ಉಳಿದು ಒಟ್ಟು 70 ಆಗುತ್ತದೆ. ಎರಡೂ ಸಂದರ್ಭಗಳಲ್ಲಿ 50 ಗ್ರಾಂ ಕಡಿಮೆಯೇ. ಇದು ಪ್ರಯೋಗಶಾಲೆಯ ಲೆಕ್ಕವಲ್ಲ, ಆದರೆ ಅಂದಾಜಿನ ಚಮಚಕ್ಕಿಂತ ಬಹಳ ಮೇಲು.

ನಿಮ್ಮ ಅಂಕಿ ಎರಡು ಕಂಬಗಳ ಗಡಿಯ ಹತ್ತಿರವಿದ್ದರೆ ಅವುಗಳ ನಡುವಿನ ಪ್ರಮಾಣವನ್ನು ಹಿಡಿಯಿರಿ. ಕೊಳೆಯ ಬಗ್ಗೆ ಒಂದು ಮಾತು: ಒಂದು ದಿನ ತೊಟ್ಟು ಬಿಟ್ಟ, ಕಲೆಯಿಲ್ಲದ ಬಟ್ಟೆಯನ್ನು ಸಾಧಾರಣ ಕೊಳೆ ಎಂದು ಲೆಕ್ಕ ಹಾಕುವವರೇ ಹೆಚ್ಚು. ಅಂಥವು ಕಡಿಮೆ ಕೊಳೆಯ ಸಾಲಿಗೆ ಸೇರುತ್ತವೆ. ಬೆವರು, ಎಣ್ಣೆಜಿಡ್ಡು ಹಿಡಿದ ದಿಂಬಿನ ಗವಸು, ಒಳ ಉಡುಪು, ಅಡುಗೆಮನೆಯ ಒರೆಸುವ ಬಟ್ಟೆಗಳು ಕಣ್ಣಿಗೆ ಕೊಳೆಯಾಗಿ ಕಾಣದಿದ್ದರೂ ಹೆಚ್ಚಿನ ಸಾಲಿಗೆ ಸೇರಬೇಕಾದವು.

ಐದನೆಯ ಹಂತ: ಅಳತೆಯ ಮುಚ್ಚಳವನ್ನು ತೂಗಿ ನೋಡಿ

ಪಟ್ಟಿ ಗ್ರಾಮಿನಲ್ಲಿದ್ದು ಕೈಯಲ್ಲಿರುವುದು ಚಮಚವಾದರೆ ಎಲ್ಲ ಲೆಕ್ಕವೂ ವ್ಯರ್ಥ. ಪುಡಿಯ ಸಾಂದ್ರತೆ ತಯಾರಿಕೆಯಿಂದ ತಯಾರಿಕೆಗೆ ಬದಲಾಗುತ್ತದೆ. ಹಗುರವಾದ ಟೊಳ್ಳು ಹರಳಿನ ಪುಡಿಯೂ ದಟ್ಟವಾದ ಸಾಂದ್ರ ಪುಡಿಯೂ ಒಂದೇ ಚಮಚದಲ್ಲಿ ಬಹಳ ಬೇರೆ ತೂಕ ತೂಗುತ್ತವೆ. ಡಿಜಿಟಲ್ ತಕ್ಕಡಿಯ ಮೇಲೆ ಖಾಲಿ ಚಮಚವಿಟ್ಟು ಸೊನ್ನೆಗೆ ತಂದು, ಮಟ್ಟಸವಾಗಿ ತುಂಬಿದ ಪುಡಿಯನ್ನು ತೂಗಿ, ನಿಮಗೆ ಬೇಕಾದ ಗ್ರಾಂ ಎಲ್ಲಿಗೆ ಬರುತ್ತದೆಯೋ ಅಲ್ಲಿ ಅಳಿಸದ ಶಾಯಿಯಲ್ಲಿ ಗೆರೆ ಹಾಕಿ. ಪೊಟ್ಟಣ ಬದಲಾದಾಗ ಮತ್ತೊಮ್ಮೆ ತೂಗಿದರೆ ಸಾಕು. ದ್ರವದ ಮುಚ್ಚಳಗಳಲ್ಲಿ ಒಳಗಿನ ಗೆರೆಗಳು ಕಾಣುವುದೇ ಕಷ್ಟ, ಎಷ್ಟೋ ಮುಚ್ಚಳಗಳಲ್ಲಿ ತುದಿಯವರೆಗೆ ತುಂಬಿದರೆ ಅತಿ ಹೆಚ್ಚಿನ ಪ್ರಮಾಣಕ್ಕಿಂತಲೂ ಹೆಚ್ಚಾಗುತ್ತದೆ. ಅಲ್ಲೂ ಮಿಲಿಲೀಟರ್ ಗುರುತಿರುವ ಸಣ್ಣ ಲೋಟ ಬಳಸುವುದು ಲೇಸು.

ಆರನೆಯ ಹಂತ: ಬಟ್ಟೆ ಹೇಳುವುದನ್ನು ನೋಡಿ ತಿದ್ದಿಕೊಳ್ಳಿ

ಲೆಕ್ಕದಿಂದ ಬಂದ ಅಂಕಿ ಆರಂಭಕ್ಕೆ ಮಾತ್ರ. ಅದೇ ಪ್ರಮಾಣದಲ್ಲಿ ಹಲವು ಸಲ ಒಗೆದು, ಆಮೇಲೆ ಹತ್ತನೇ ಒಂದು ಭಾಗದಷ್ಟು ಏರಿಸಿಯೋ ಇಳಿಸಿಯೋ ನೋಡಬೇಕು. ಒಂದೇ ಒಗೆತದಲ್ಲಿ ತೀರ್ಪು ಕೊಡಲಾಗುವುದಿಲ್ಲ, ಏಕೆಂದರೆ ಗಡಸು ನೀರಿನ ಹಾನಿ ಒಗೆತದಿಂದ ಒಗೆತಕ್ಕೆ ಕೂಡುತ್ತ ಹೋಗುವಂಥದು.

ಕಡಿಮೆ ಹಾಕಿದಾಗ ಬಿಳಿಬಟ್ಟೆ ಮೆಲ್ಲಗೆ ಬೂದಿಬಣ್ಣಕ್ಕೆ ತಿರುಗುತ್ತದೆ. ಯಾವುದೋ ಒಂದು ಕಲೆ ಉಳಿಯುವುದಕ್ಕಿಂತ ಇಡೀ ಬಟ್ಟೆ ಸಮನಾಗಿ ಮಂಕಾಗುವುದು ಇದರ ಗುರುತು. ಟವೆಲ್ ಒಣಗಿದಾಗ ರಟ್ಟಿನಂತೆ ಬಿರುಸಾಗುತ್ತದೆ, ನೀರನ್ನು ಚೆನ್ನಾಗಿ ಹೀರುವುದಿಲ್ಲ. ಕತ್ತುಪಟ್ಟಿಯಲ್ಲೂ ಕಂಕುಳಲ್ಲೂ ಹಳದಿ ಜಿಡ್ಡು ನಿಲ್ಲುತ್ತದೆ, ಬಟ್ಟೆ ಒಣಗಿರುವಾಗ ವಾಸನೆಯಿಲ್ಲದಿದ್ದರೂ ಮೈಬಿಸಿ ತಾಗಿದೊಡನೆ ಹಳೆಯ ಬೆವರಿನ ವಾಸನೆ ಏಳುತ್ತದೆ. ಯಂತ್ರದ ಹೀಟರ್ ಮೇಲೆ ಸುಣ್ಣದ ಪದರು ಬೇಗ ಕಟ್ಟುತ್ತದೆ.

ಹೆಚ್ಚು ಹಾಕಿದಾಗಿನ ಲಕ್ಷಣಗಳು ಬೇರೆ. ಒಗೆಯುವಾಗ ಗಾಜಿನ ಬಾಗಿಲಿನ ಅರ್ಧಕ್ಕಿಂತ ಮೇಲೆ ನೊರೆ ತುಂಬಿರುತ್ತದೆ, ಕೊನೆಯ ಜಾಲಿಕೆಯ ನೀರಿನಲ್ಲೂ ನೊರೆ ಕಾಣುತ್ತದೆ. ದಟ್ಟ ನೊರೆಯ ನಡುವೆ ಬಟ್ಟೆಗಳು ಒಂದಕ್ಕೊಂದು ಉಜ್ಜಿಕೊಳ್ಳದೆ ತೇಲುವುದರಿಂದ ಕೊಳೆ ಬಿಡುವುದೂ ಕಡಿಮೆಯಾಗುತ್ತದೆ. ಬಟ್ಟೆ ಮುಟ್ಟಿದರೆ ಜಾರುವಂತೆ ಅಥವಾ ಅಂಟಿದಂತೆ ಅನಿಸುತ್ತದೆ, ಗಾಢಬಣ್ಣದ ಬಟ್ಟೆಯ ಮೇಲೆ ಬಿಳಿ ಗೆರೆಗಳು ನಿಲ್ಲುತ್ತವೆ, ಸೂಕ್ಷ್ಮ ಚರ್ಮದವರಿಗೆ ತುರಿಕೆಯಾಗಬಹುದು. ಉಳಿದ ಡಿಟರ್ಜೆಂಟ್ ಮತ್ತು ಜಿಡ್ಡು ರಬ್ಬರ್ ಗ್ಯಾಸ್ಕೆಟ್ಟಿನ ಮಡಿಕೆಯಲ್ಲೂ ಪುಡಿ ಹಾಕುವ ತಟ್ಟೆಯಲ್ಲೂ ಲೋಳೆಯಾಗಿ ಬೆಳೆಯುತ್ತವೆ.

ಬಿರುಸು ಬಟ್ಟೆ ಎರಡೂ ಕಾರಣದಿಂದ ಆಗಬಹುದು, ಗೊಂದಲ ಹುಟ್ಟುವುದು ಇಲ್ಲಿಯೇ. ಪರೀಕ್ಷಿಸುವ ದಾರಿ ಸರಳ: ಒಗೆದು ಒಣಗಿಸಿದ ಎರಡು ಟವೆಲ್‌ಗಳನ್ನು ಡಿಟರ್ಜೆಂಟ್ ಇಲ್ಲದೆ ಬಿಸಿನೀರಿನಲ್ಲಿ ತಿರುಗಿಸಿ. ಗಣನೀಯವಾಗಿ ನೊರೆ ಬಂದರೆ ಹಳೆಯ ಡಿಟರ್ಜೆಂಟ್ ಬಟ್ಟೆಯಲ್ಲಿ ಉಳಿದಿತ್ತು ಎಂದರ್ಥ. ಪ್ರಮಾಣ ಇಳಿಸಿ, ಜಾಲಿಸುವುದನ್ನು ಒಮ್ಮೆ ಹೆಚ್ಚಿಸಿ. ನೊರೆ ಬರದೆ ಬಿರುಸು ಹಾಗೆಯೇ ಇದ್ದರೆ ಸುಣ್ಣದ ಅಂಶದ ಮೇಲೆ ಅನುಮಾನ ಪಡಬೇಕು. ಆಗ ನೀರಿನ ಭಾಗವನ್ನು ಏರಿಸಬೇಕಾಗುತ್ತದೆ. ನೊರೆಯನ್ನೇ ಸ್ವಚ್ಛತೆಯ ಅಳತೆಗೋಲಾಗಿ ಮಾತ್ರ ಹಿಡಿಯಬೇಡಿ. ಫ್ರಂಟ್ ಲೋಡ್ ಯಂತ್ರಗಳಿಗೆಂದೇ ತಯಾರಾದ ಪುಡಿಗಳಲ್ಲಿ ನೊರೆಯನ್ನು ತಗ್ಗಿಸುವ ಘಟಕವನ್ನು ಬೇಕೆಂದೇ ಸೇರಿಸಿರುತ್ತಾರೆ.

ಗಡಸುತನ ಪಟ್ಟಿಯನ್ನೂ ಮೀರಿದಾಗ

ಪೊಟ್ಟಣದ 'ಗಡಸು' ಕಂಬ 250ರಿಂದ ಶುರುವಾಗುತ್ತದೆ, ನಿಮ್ಮ ನೀರು 500 ಇದೆ. ಆಗ ಪುಡಿಯನ್ನು ಇನ್ನಷ್ಟು ಏರಿಸುತ್ತ ಹೋಗುವುದು ಸರಿಯಾದ ದಾರಿಯಲ್ಲ. ಮೊದಲೇ ಹೇಳಿದಂತೆ ಇಲ್ಲಿ ಕೊರತೆಯಿರುವುದು ಬಿಲ್ಡರ್‌ನದು. ಅದಕ್ಕಾಗಿ ಮಾರ್ಜಕವನ್ನೂ ಸುಗಂಧವನ್ನೂ ಏರಿಸಿದರೆ ಜಾಲಿಸಿ ಮುಗಿಸಲಾಗದು, ಖರ್ಚೂ ಹೆಚ್ಚು. ಮೆದುಗೊಳಿಸುವ ವಸ್ತುವನ್ನು ಬೇರೆಯಾಗಿ ಹಾಕಿ, ಡಿಟರ್ಜೆಂಟನ್ನು ಮಧ್ಯಮ ಅಥವಾ ಗಡಸು ಕಂಬದ ಮಟ್ಟದಲ್ಲೇ ನಿಲ್ಲಿಸಬೇಕು.

ಸುಲಭವಾಗಿ ಸಿಗುವುದು ವಾಷಿಂಗ್ ಸೋಡಾ, ಅಂದರೆ ಸೋಡಿಯಂ ಕಾರ್ಬೊನೇಟ್. ಅಡುಗೆ ಸೋಡಾ ಬೇರೆ ವಸ್ತು. ನೀರನ್ನು ಮೆದುಗೊಳಿಸುವ ಶಕ್ತಿ ಅದಕ್ಕೆ ತೀರಾ ಕಡಿಮೆ. ಲೆಕ್ಕದ ಪ್ರಕಾರ 1 ಗ್ರಾಂ ಗಡಸುತನಕ್ಕೆ 1.06 ಗ್ರಾಂ ನಿರ್ಜಲ ಸೋಡಾ ಬೇಕು. 500ರ ನೀರನ್ನು 250ಕ್ಕೆ ಇಳಿಸಬೇಕು, ಯಂತ್ರದಲ್ಲಿ 60 ಲೀಟರ್ ಇದೆ ಎಂದರೆ ತೆಗೆಯಬೇಕಾದ ಗಡಸುತನ 15 ಗ್ರಾಂ, ಬೇಕಾದ ಸೋಡಾ ಸುಮಾರು 16 ಗ್ರಾಂ. ತಣ್ಣೀರಿನಲ್ಲಿ ಈ ಕ್ರಿಯೆ ನಿಧಾನವಾಗಿ, ಅಪೂರ್ಣವಾಗಿ ನಡೆಯುವುದರಿಂದ ಸ್ವಲ್ಪ ಹೆಚ್ಚಿಗೆ, 20 ಗ್ರಾಂ ತನಕ ಹಾಕಬಹುದು. ಹರಳಿನ ರೂಪದ ಸೋಡಾ ಕೊಂಡಿದ್ದರೆ ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುವುದರಿಂದ ಅಂಕಿಯನ್ನು 2.7ರಿಂದ ಗುಣಿಸಿಕೊಳ್ಳಿ. ಸೋಡಾವನ್ನು ಮೊದಲು ನೀರಿಗೆ ಸೇರಿಸಿ ಕೆಲವು ನಿಮಿಷ ಬಿಟ್ಟು ಆಮೇಲೆ ಡಿಟರ್ಜೆಂಟ್ ಹಾಕುವುದು ಮುಖ್ಯ. ಸೋಡಾ ಕ್ಷಾರೀಯವಾದ್ದರಿಂದ ಉಣ್ಣೆಗೂ ರೇಷ್ಮೆಗೂ ಬಳಸಬಾರದು, ಕೈಗೆ ಗವಸು ಹಾಕಿಕೊಳ್ಳಬೇಕು.

ವಾಷಿಂಗ್ ಸೋಡಾದ ಒಂದು ಕುಂದನ್ನು ಮುಚ್ಚಿಡಬಾರದು. ಅದು ಕ್ಯಾಲ್ಸಿಯಂ ಅನ್ನು ಸಣ್ಣ ಸುಣ್ಣದ ಕಣಗಳಾಗಿ ಒತ್ತರಿಸುತ್ತದೆ, ಅವುಗಳಲ್ಲಿ ಕೆಲವು ಬಟ್ಟೆಯಲ್ಲೇ ಸಿಕ್ಕಿಕೊಳ್ಳುತ್ತವೆ. ಸಿಟ್ರೇಟ್, ಪಾಲಿಕಾರ್ಬಾಕ್ಸಿಲೇಟ್, ಜಿಯೋಲೈಟ್ ಆಧಾರಿತ ಮೆದುಕಾರಕಗಳು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡು ನೀರಿನೊಂದಿಗೆ ಸಾಗಿಸುವುದರಿಂದ ಟವೆಲ್, ಮಗುವಿನ ಬಟ್ಟೆಗಳಂಥವಕ್ಕೆ ನಾನು ಅವುಗಳನ್ನೇ ಮೇಲೆಂದು ಪರಿಗಣಿಸುತ್ತೇನೆ. ಗಡಸು ನೀರಿನಲ್ಲಿ ದ್ರವಕ್ಕಿಂತ ಪುಡಿಗೆ ಆದ್ಯತೆ ಕೊಡುವುದೂ ಇದೇ ಕಾರಣಕ್ಕೆ: ದ್ರವಗಳಲ್ಲಿ ಸಾಮಾನ್ಯವಾಗಿ ಬಿಲ್ಡರ್ ಕಡಿಮೆ. ಕ್ಯಾಪ್ಸೂಲುಗಳನ್ನು ಅರ್ಧ ಮಾಡಲಾಗದು. ಅತಿ ಗಡಸು ನೀರಿನಲ್ಲಿ ಎರಡು ಹಾಕುವ ಬದಲು ಒಂದು ಕ್ಯಾಪ್ಸೂಲಿನೊಂದಿಗೆ ಮೆದುಕಾರಕ ಹಾಕಿ.

ಮನೆಗೆಲ್ಲ ಸಾಫ್ಟ್‌ನರ್ ಯಂತ್ರ ಅಳವಡಿಸಿದ್ದರೆ ಪಟ್ಟಿಯ ಮೆದು ಕಂಬಕ್ಕಿಂತಲೂ ಸ್ವಲ್ಪ ಕಡಿಮೆಯಿಂದ ಆರಂಭಿಸಬಹುದು. ಮೆದು ನೀರಿನಲ್ಲಿ ಹೆಚ್ಚಾದ ಡಿಟರ್ಜೆಂಟ್ ಜಾಲಿಸಲು ಬಹಳ ಸತಾಯಿಸುತ್ತದೆ.

ಕೈಯಿಂದ ಒಗೆಯುವವರಿಗೆ

ಬಕೆಟ್ಟಿನಲ್ಲಿ ಲೆಕ್ಕ ಇನ್ನೂ ಸುಲಭ, ಲೀಟರ್ ಕಣ್ಣಿಗೇ ಕಾಣುತ್ತದೆ. 300 ಗಡಸುತನದ 10 ಲೀಟರ್ ನೀರಿನಲ್ಲಿ 3 ಗ್ರಾಂ ಗಡಸುತನವಿರುವುದರಿಂದ ಸುಮಾರು 3 ಗ್ರಾಂ ನಿರ್ಜಲ ವಾಷಿಂಗ್ ಸೋಡಾ, ಅಥವಾ ಹರಳಾದರೆ 8ರಿಂದ 9 ಗ್ರಾಂ, ಮೊದಲು ಕರಗಿಸಿ. ಹತ್ತು ನಿಮಿಷದ ನಂತರ ಪುಡಿ ಸೇರಿಸಿ, ಅದು ಪೂರ್ತಿ ಕರಗಿದ ಮೇಲೆಯೇ ಬಟ್ಟೆ ಇಳಿಸಿ. ನೆನೆಸುವುದಕ್ಕೆ ಬಟ್ಟೆ ಮುಳುಗುವಷ್ಟು ನೀರು ಸಾಕು. ಬಕೆಟ್ ತುಂಬ ನೀರು ಹಿಡಿದರೆ ಹೆಚ್ಚಾದ ಪ್ರತಿ ಲೀಟರೂ ತನ್ನ ಪಾಲಿನ ಪುಡಿಯನ್ನು ಕೇಳುತ್ತದೆ. ನೀರನ್ನು ಉಳಿಸಬೇಕಾದದ್ದು ನೆನೆಸುವಾಗ, ಜಾಲಿಸುವಾಗ ಧಾರಾಳವಾಗಿರಬೇಕು.

ಈಗಾಗಲೇ ಕುಳಿತ ಸುಣ್ಣವನ್ನು ತೆಗೆಯುವುದು ಮತ್ತು ಮರುಪರೀಕ್ಷೆ

ಪ್ರಮಾಣ ಸರಿಪಡಿಸಿದರೂ ಹಳೆಯ ಪದರು ತಾನಾಗಿ ಹೋಗದು. ಬಿರುಸಾದ ಹತ್ತಿ ಟವೆಲ್‌ಗಳನ್ನು ಸಿಟ್ರಿಕ್ ಆಮ್ಲದ ತಿಳಿದ್ರಾವಣದಲ್ಲಿ ಸ್ವಲ್ಪ ಹೊತ್ತು ನೆನೆಸಿ ಚೆನ್ನಾಗಿ ಜಾಲಿಸಿದರೆ ಸುಣ್ಣ ಕರಗುತ್ತದೆ. ನೀರು ಉಗುರುಬೆಚ್ಚಗಿರಲಿ, ತುಂಬ ಬಿಸಿಯಾದರೆ ಕ್ಯಾಲ್ಸಿಯಂ ಸಿಟ್ರೇಟ್ ಮತ್ತೆ ಒತ್ತರಿಸುವ ಸಾಧ್ಯತೆಯಿದೆ. ಆಮ್ಲವನ್ನು ಡಿಟರ್ಜೆಂಟಿನೊಂದಿಗೆ ಬೆರೆಸಿದರೆ ಎರಡೂ ಒಂದನ್ನೊಂದು ಕೆಡಿಸುತ್ತವೆ. ಕ್ಲೋರಿನ್ ಬ್ಲೀಚಿನೊಂದಿಗೆ ಯಾವ ಆಮ್ಲವನ್ನೂ, ವಿನಿಗರನ್ನು ಕೂಡ, ಎಂದಿಗೂ ಸೇರಿಸಬಾರದು. ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ಯಂತ್ರದ ಒಳಗಿನ ಪದರನ್ನು ತೆಗೆಯಲು ತಯಾರಕರ ಕೈಪಿಡಿಯಲ್ಲಿ ಹೇಳಿದ ವಸ್ತುವನ್ನೇ ಬಳಸಿ, ಖಾಲಿ ಯಂತ್ರವನ್ನು ಒಂದು ಸುತ್ತು ಓಡಿಸಿ.

ಬಾವಿಯ ನೀರಿನ ಗಡಸುತನ ಮಳೆಗಾಲಕ್ಕೂ ಬೇಸಿಗೆಗೂ ಬದಲಾಗಬಹುದು, ಪೂರೈಕೆಯ ಮೂಲ ಬದಲಾದರಂತೂ ಒಂದೇ ದಿನದಲ್ಲಿ ಅಂಕಿ ಬೇರೆಯಾಗಬಹುದು. ಋತು ತಿರುಗಿದಾಗ, ಮನೆ ಬದಲಿಸಿದಾಗ, ಸಾಫ್ಟ್‌ನರ್‌ಗೆ ಉಪ್ಪು ಹಾಕುವುದು ತಡವಾದಾಗ ಹನಿ ಕಿಟ್ಟಿನಿಂದ ಮತ್ತೊಮ್ಮೆ ಪರೀಕ್ಷಿಸಿ. ಬಂದ ಅಂಕಿಯನ್ನು, ಅದಕ್ಕೆ ಹೊಂದುವ ಗ್ರಾಮನ್ನು, ದಿನಾಂಕವನ್ನು ಒಂದು ಚೀಟಿಯಲ್ಲಿ ಬರೆದು ಡಿಟರ್ಜೆಂಟ್ ಡಬ್ಬಿಯ ಮುಚ್ಚಳದ ಒಳಬದಿಗೆ ಅಂಟಿಸಿಡಿ. ಮನೆಯಲ್ಲಿ ಯಾರೇ ಬಟ್ಟೆ ಒಗೆಯಲಿ, ಅವರಿಗೆ ಅದು ಕಾಣುವಂತಿರಲಿ.